ಅಳತೆಯ ಕಿವಿಯೂ ಅನುಭವದ ಕಿವಿಯೂ

೧

ಕೆಲವು ವರ್ಷಗಳ ಹಿಂದೆ ನನ್ನ ಸೋದರಮಾವನವರ ಮನೆಯಲ್ಲಿ ಒಂದು ವ್ಯಾಜ್ಯ ಹುಟ್ಟಿತು. ಅದು ನ್ಯಾಯಾಲಯದ ಮೆಟ್ಟಿಲನ್ನು ಹತ್ತಲಿಲ್ಲ. ಹತ್ತಿದ್ದರೂ ಅಲ್ಲಿ ತೀರುವಂಥದಾಗಿರಲಿಲ್ಲ. ಮಾವನವರು ಪ್ರೌಢಶಾಲೆಯಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಉಪಾಧ್ಯಾಯರಾಗಿದ್ದು ನಿವೃತ್ತರಾದವರು. ಊರ ಹೊರಗೆ ಅವರಿಗೆ ತಂದೆಯಿಂದ ಬಂದ ಒಂದು ಸಣ್ಣ ತೆಂಗಿನ ತೋಟವಿತ್ತು. ಮೊಮ್ಮಗಳ ವಿದ್ಯಾಭ್ಯಾಸದ ವೆಚ್ಚಕ್ಕಾಗಿ ಅದನ್ನು ಮಾರಬಹುದೆಂದು ಮಕ್ಕಳಿಬ್ಬರೂ ಆಲೋಚಿಸಿ, ಒಂದು ರಾತ್ರಿ ಎಲ್ಲರೂ ಊಟಕ್ಕೆ ಕುಳಿತಿದ್ದಾಗ ತಂದೆಯ ಅಭಿಪ್ರಾಯವನ್ನು ಕೇಳಿದರು: "ತೋಟವನ್ನು ಮಾರಿಬಿಡೋಣವೇ, ಅಪ್ಪ?" ಮಾವನವರು ಮಗನ ಮುಖವನ್ನು ನೋಡಿ ತಲೆದೂಗಿ, "ಆಗಲಿ, ಅದಕ್ಕೇನು" ಎಂದರು. ಮಕ್ಕಳಿಗೆ ಸಮಾಧಾನವಾಯಿತು. ಮಾತುಕತೆ ಮುಂದುವರಿದು ಮುಂಗಡದ ಹಣವೂ ಕೈಸೇರಿತು. ಕ್ರಯಪತ್ರವನ್ನು ಬರೆಯುವ ಮುನ್ನ ಕೊಳ್ಳುವವರ ಕಡೆಯವರು ಜಮೀನಿನ ಅಳತೆಗೆಂದು ಬಂದಾಗ ಮಾವನವರು ತೋಟದಲ್ಲಿಯೇ ಇದ್ದರು. ಬಂದವರನ್ನು ಅವರು "ಯಾರು ನೀವು?" ಎಂದು ವಿಚಾರಿಸಿದ ಗಳಿಗೆಯಿಂದ ಆ ಮನೆಯ ನೆಮ್ಮದಿ ಕೆಟ್ಟಿತು.

"ನನ್ನನ್ನು ಒಂದು ಮಾತು ಕೇಳದೆ ನಮ್ಮಪ್ಪನ ತೋಟವನ್ನು ಮಾರಹೊರಟಿರಿ" ಎಂದರು ತಂದೆ. "ನಿಮ್ಮನ್ನು ಕೇಳಿಯೇ ಮಾಡಿದೆವು, ನೀವೇ ಆಗಲಿ ಎಂದಿರಿ" ಎಂದರು ಮಕ್ಕಳು. ಬಹುದಿನಗಳಾದ ಮೇಲೆ ನಿಜಸಂಗತಿ ಹೊರಬಿತ್ತು. ಮಾವನವರ ಕಿವಿಗೆ ಬಿದ್ದದ್ದು ‘ಮಾರಿಬಿಡೋಣ’ ಎಂದಲ್ಲ, ‘ಮಾಡಿಬಿಡೋಣ’ ಎಂದು. ತೋಟದ ಬೇಲಿ ಬಿದ್ದು ಹೋಗಿತ್ತು. ಮಕ್ಕಳು ಅದನ್ನು ಸರಿಮಾಡಿಸುವ ಮಾತನ್ನು ಆಡುತ್ತಿರುವರೆಂದು ಅವರು ಭಾವಿಸಿದರು. ಒಂದು ವ್ಯಂಜನ ವ್ಯತ್ಯಾಸವಾದುದರಿಂದ ತಂದೆಗೂ ಮಕ್ಕಳಿಗೂ ನಡುವೆ ಇದ್ದ ನಂಬಿಕೆ ವ್ಯತ್ಯಾಸವಾಯಿತು.

ಇಲ್ಲಿ ಯಾರೂ ಸುಳ್ಳಾಡಲಿಲ್ಲ. ಮಕ್ಕಳು ಕೇಳಿದ್ದು ನಿಜ. ತಂದೆ ಕೇಳಲಿಲ್ಲವೆಂಬುದೂ ನಿಜ. ನಮ್ಮ ಭಾಷೆಯಲ್ಲಿ ‘ಕೇಳು’ ಎಂಬ ಒಂದೇ ಮಾತಿಗೆ ಪ್ರಶ್ನಿಸು ಎಂಬ ಅರ್ಥವೂ ಕಿವಿಯಿಂದ ಗ್ರಹಿಸು ಎಂಬ ಅರ್ಥವೂ ಉಂಟು. ಒಬ್ಬನು ಕೇಳಿದ್ದನ್ನು ಇನ್ನೊಬ್ಬನು ಕೇಳಿದಾಗಲೇ ಕೇಳುವ ಕೆಲಸ ಪೂರ್ಣವಾಗುವುದೆಂದು ಆ ಮಾತನ್ನು ಮೊದಲು ಬಳಸಿದ ಹಿರಿಯರಿಗೆ ತಿಳಿದಿತ್ತೋ ಏನೋ. ಅದು ಹೇಗಾದರೂ ಇರಲಿ. ಈ ಪ್ರಸಂಗದಿಂದ ನನ್ನ ಮನಸ್ಸಿನಲ್ಲಿ ಹುಟ್ಟಿದ ಒಂದು ಪ್ರಶ್ನೆಯನ್ನು ವಾಚಕರ ಮುಂದಿಡಬೇಕೆಂಬುದು ಈ ಲೇಖನದ ಉದ್ದೇಶ. ಒಬ್ಬ ಮನುಷ್ಯನಿಗೆ ಕಿವಿ ಕೇಳಿಸುತ್ತದೆಯೇ ಇಲ್ಲವೇ ಎಂಬುದನ್ನು ನಿರ್ಣಯಿಸುವ ಅಧಿಕಾರ ಯಾರದು? ಅಳೆಯುವ ಯಂತ್ರದ್ದೇ? ಕೇಳುವ ಮನುಷ್ಯನದೇ? ಇವೆರಡೂ ಒಂದನ್ನೊಂದು ವಿರೋಧಿಸಿದಾಗ ಹಿತವನ್ನು ಹೇಳಬೇಕಾದವನು ಏನು ಹೇಳಬೇಕು?

೨

ಮಾವನವರನ್ನು ಮಕ್ಕಳು ಒಂದು ಕಡೆ ಕರೆದುಕೊಂಡುಹೋಗಿ ಕಿವಿಯ ಪರೀಕ್ಷೆ ಮಾಡಿಸಿದರು. ಅಲ್ಲಿದ್ದವರು ಒಂದು ಕಾಗದವನ್ನು ಮುಂದೆ ಹಿಡಿದು, "ನಿಮ್ಮ ಕಿವಿ ಶೇಕಡಾ ೪೫ರಷ್ಟು ಹೋಗಿದೆ, ಯಂತ್ರ ಹಾಕಿಕೊಳ್ಳಲೇಬೇಕು" ಎಂದರು. ಮಾವನವರು ಎದ್ದು ನಿಂತು, "ನೀವು ಹೇಳಿದ ಅಷ್ಟೂ ಮಾತು ನನಗೆ ಕೇಳಿಸಿತಲ್ಲ! ಹೋದ ೪೫ ಎಲ್ಲಿ?" ಎಂದು ಹೊರಟುಬಂದರು. ಮಕ್ಕಳು ಇದನ್ನು ಹಟವೆಂದರು. ಅಂದು ನಾನೂ ಹಾಗೆಯೇ ಎಣಿಸಿದೆನು. ಈಗ ಯೋಚಿಸಿದರೆ, ಆ ಮಾತಿನಲ್ಲಿ ಹಟಕ್ಕಿಂತ ಹೆಚ್ಚಾಗಿ ತರ್ಕವೇ ಇತ್ತೆಂದು ತೋರುತ್ತದೆ.

ಆ ಕಾಗದ ಏನೆಂಬುದನ್ನು ಮೊದಲು ತಿಳಿಯಬೇಕು. ಅದಕ್ಕೆ ಆಡಿಯೋಗ್ರಾಮ್ ಎಂದು ಹೆಸರು. ಸದ್ದಿಲ್ಲದ ಕೋಣೆಯಲ್ಲಿ ಮನುಷ್ಯನನ್ನು ಕೂರಿಸಿ, ಕಿವಿಗೆ ಸಾಧನವನ್ನು ತೊಡಿಸಿ, ಶುದ್ಧವಾದ ಒಂದೊಂದೇ ಸ್ವರವನ್ನು ಕೇಳಿಸುತ್ತಾರೆ. ಸಾಮಾನ್ಯವಾಗಿ ಸೆಕೆಂಡಿಗೆ ೨೫೦ ಕಂಪನಗಳ ತಗ್ಗಿನ ಸ್ವರದಿಂದ ೮,೦೦೦ ಕಂಪನಗಳ ಎತ್ತರದ ಸ್ವರದವರೆಗೆ ಪರೀಕ್ಷೆ ನಡೆಯುತ್ತದೆ. ಪ್ರತಿಯೊಂದು ಸ್ವರವನ್ನೂ ಸಣ್ಣದು ಮಾಡುತ್ತ, ಮತ್ತೆ ದೊಡ್ಡದು ಮಾಡುತ್ತ, ಯಾವ ಮಟ್ಟದಲ್ಲಿ ಅರ್ಧದಷ್ಟು ಸಲವಾದರೂ ಅದು ಕೇಳಿಸುತ್ತದೆಯೋ ಆ ಮಟ್ಟವನ್ನು ಗುರುತುಹಾಕುತ್ತಾರೆ. ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಗುಣಿಸುಗುರುತು. ಗುರುತುಗಳು ಕೆಳಕ್ಕೆ ಇಳಿದಷ್ಟೂ ಶ್ರವಣ ಕುಂದಿದೆ ಎಂದರ್ಥ.

ಈ ಮಟ್ಟವನ್ನು ಎಣಿಸುವ ಮಾನ ಡೆಸಿಬೆಲ್. ದೂರವಾಣಿಯ ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರ ಹೆಸರು ಇದರಲ್ಲಿ ಅಡಗಿದೆ. ಅವರ ತಾಯಿಗೂ ಹೆಂಡತಿಗೂ ಕಿವಿ ಕೇಳಿಸುತ್ತಿರಲಿಲ್ಲವೆಂಬುದನ್ನು ನೆನೆದರೆ ಆ ಹೆಸರು ಅಲ್ಲಿ ನಿಂತದ್ದು ಉಚಿತವೇ ಆಗಿದೆ. ಶ್ರವಣಪರೀಕ್ಷೆಯಲ್ಲಿ ಸೊನ್ನೆ ಡೆಸಿಬೆಲ್ ಎಂದರೆ ನಿಶ್ಶಬ್ದವಲ್ಲ. ಆರೋಗ್ಯವಾದ ಕಿವಿಯುಳ್ಳ ತರುಣರು ಸರಾಸರಿಯಲ್ಲಿ ಕೇಳಬಲ್ಲ ಅತ್ಯಂತ ಸಣ್ಣ ಸದ್ದು. ಅಲ್ಲಿಂದ ಮುಂದಕ್ಕೆ ಹತ್ತು ಡೆಸಿಬೆಲ್ ಏರಿದರೆ ಧ್ವನಿಯ ಶಕ್ತಿ ಹತ್ತು ಪಟ್ಟಾಗುತ್ತದೆ, ಇಪ್ಪತ್ತು ಏರಿದರೆ ನೂರು ಪಟ್ಟಾಗುತ್ತದೆ. ಆದರೆ ಕಿವಿಗೆ ಪ್ರತಿ ಹತ್ತಕ್ಕೂ ಅದು ಸುಮಾರು ಎರಡು ಪಟ್ಟಾದಂತೆ ಮಾತ್ರ ತೋರುತ್ತದೆ. ಮಾವನವರ ಕಾಗದದಲ್ಲಿದ್ದ ೪೫ ಎಂಬುದು ಹೀಗೆ ಬಂದ ಸಂಖ್ಯೆ. ಅದರ ಅರ್ಥ, ತರುಣರಿಗೆ ಸಾಕಾಗುವುದಕ್ಕಿಂತ ಮೂವತ್ತು ಸಾವಿರ ಪಟ್ಟಿಗೂ ಮಿಗಿಲಾದ ಶಕ್ತಿಯಿದ್ದರೆ ಅವರಿಗೆ ಆ ಸ್ವರ ಆಗತಾನೆ ಕೇಳಿಸಲು ತೊಡಗುತ್ತದೆ ಎಂದು. ನೂರರಲ್ಲಿ ೪೫ ಭಾಗ ಹೋಯಿತೆಂಬ ಅರ್ಥ ಅದಕ್ಕೆ ಎಳ್ಳಷ್ಟೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯವರು ೨೦೨೧ರಲ್ಲಿ ಪ್ರಕಟಿಸಿದ ವರ್ಗೀಕರಣದಲ್ಲಿ, ಎರಡು ಕಿವಿಗಳಲ್ಲಿ ಮೇಲಾದುದರ ಸರಾಸರಿ ೨೦ಕ್ಕಿಂತ ಕಡಮೆಯಿದ್ದರೆ ಸಹಜ, ೨೦ರಿಂದ ೩೫ರ ಒಳಗೆ ಅಲ್ಪ, ೩೫ರಿಂದ ೫೦ರ ಒಳಗೆ ಮಧ್ಯಮ, ಹೀಗೆ ಮೆಟ್ಟಿಲುಗಳಿವೆ. ಆ ಲೆಕ್ಕದಲ್ಲಿ ಮಾವನವರದು ಮಧ್ಯಮ. ಶೇಕಡಾವಾರು ಮಾತಿನಿಂದ ಅವರನ್ನು ಒಪ್ಪಿಸಹೊರಟವರು ಸತ್ಯವನ್ನು ಸುಲಭಮಾಡುವ ಉತ್ಸಾಹದಲ್ಲಿ ಸತ್ಯವನ್ನೇ ಬಿಟ್ಟುಕೊಟ್ಟಿದ್ದರು.

ಈ ಪರೀಕ್ಷೆಯಲ್ಲಿ ಇನ್ನೊಂದು ಸಂಗತಿಯಿದೆ. ಅದನ್ನು ಸಾಮಾನ್ಯವಾಗಿ ಯಾರೂ ಗಮನಿಸುವುದಿಲ್ಲ. ಸ್ವರ ಕೇಳಿಸಿತೆಂದು ಗುಂಡಿಯನ್ನು ಒತ್ತುವವನು ಯಾರು? ಪರೀಕ್ಷೆಗೆ ಕುಳಿತ ಮನುಷ್ಯನೇ. ಯಂತ್ರ ಸ್ವರವನ್ನು ಹೊರಡಿಸುತ್ತದೆ. ಕೇಳಿಸಿತೋ ಇಲ್ಲವೋ ಎಂಬುದನ್ನು ಅದು ಅರಿಯದು. ಹೇಳಬೇಕಾದವನು ಅವನೇ. ಮಾತು ಬಾರದ ಶಿಶುಗಳಿಗಾಗಿ ಕಿವಿಯೊಳಗಿನ ಮರುದನಿಯನ್ನೂ ನರಗಳ ವಿದ್ಯುತ್‌ಸಂಕೇತವನ್ನೂ ಹಿಡಿಯುವ ಬೇರೆ ಪರೀಕ್ಷೆಗಳುಂಟು. ಅವು ಕೂಡ ಕಿವಿ ಕೆಲಸಮಾಡುತ್ತಿದೆಯೆಂದು ತೋರಿಸಬಲ್ಲವೇ ಹೊರತು ಮಗುವಿಗೆ ಏನು ಕೇಳಿಸಿತೆಂದು ಹೇಳಲಾರವು. ಹೀಗಿರುವಲ್ಲಿ, ಅಳತೆಯೊಂದು ಕಡೆ, ಮನುಷ್ಯನ ಮಾತೊಂದು ಕಡೆ ಎಂದು ನಾವು ಇಡುವ ಎದುರು ಮೂಲದಲ್ಲಿಯೇ ತಪ್ಪು. ಅಳತೆಯೂ ಅವನ ಮಾತೇ. ‘ಸದ್ದಿಲ್ಲದ ಕೋಣೆಯಲ್ಲಿ ಈ ಸಣ್ಣ ಸ್ವರ ನಿನಗೆ ಕೇಳಿಸಿತೇ?’ ಎಂಬ ಪ್ರಶ್ನೆಗೆ ಅವನು ಕೊಟ್ಟ ಉತ್ತರ ಆ ಕಾಗದ. ‘ನಿನ್ನ ಬಾಳಿನಲ್ಲಿ ನಿನಗೆ ಕೇಳಿಸುತ್ತದೆಯೇ?’ ಎಂಬ ಪ್ರಶ್ನೆಗೆ ಕೊಟ್ಟ ಉತ್ತರ ಅವನ ಬಾಯಿಮಾತು. ಒಬ್ಬನೇ ಸಾಕ್ಷಿ ಎರಡು ಪ್ರಶ್ನೆಗಳಿಗೆ ಎರಡು ಉತ್ತರಗಳನ್ನು ಕೊಟ್ಟಿದ್ದಾನೆ. ಮೊದಲನೆಯದಕ್ಕೆ ಅವನನ್ನು ನಂಬಿ, ಎರಡನೆಯದಕ್ಕೆ ಸುಳ್ಳುಗಾರನೆನ್ನುವುದು ಯಾವ ನ್ಯಾಯ?

೩

ಹಾಗಾದರೆ ಅನುಭವದ ಮಾತೇ ಪರಮಪ್ರಮಾಣವೆನ್ನೋಣವೇ? ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎಂಬ ಗಾದೆಯಿದೆ. ಹಲ್ಲುನೋವಿನವನಿಗೆ ನಿನಗೆ ನೋವಿಲ್ಲವೆಂದು ಯಾರೂ ಹೇಳಲಾರರು. ಆದರೆ ಕಿವಿಯ ಕುಂದು ಹಲ್ಲುನೋವಿನಂಥದಲ್ಲ. ನೋವು ತನ್ನನ್ನು ತಾನೇ ಸಾರಿಕೊಳ್ಳುತ್ತದೆ, ಕೇಳದಿರುವಿಕೆ ಸದ್ದುಮಾಡುವುದಿಲ್ಲ.

ನಮ್ಮ ಶಾಸ್ತ್ರಕಾರರು ಈ ತೊಡಕನ್ನು ಬಹು ಸೂಕ್ಷ್ಮವಾಗಿ ವಿಚಾರಮಾಡಿದ್ದಾರೆ. ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಅನುಪಲಬ್ಧಿ ಎಂಬುದನ್ನು ಒಂದು ಪ್ರತ್ಯೇಕ ಪ್ರಮಾಣವೆಂದು ಎಣಿಸಿದರು. ನೆಲದ ಮೇಲೆ ಗಡಿಗೆ ಕಾಣದಿದ್ದರೆ ಗಡಿಗೆಯಿಲ್ಲವೆಂದು ತಿಳಿಯುತ್ತೇವೆ. ಕಾಣದಿರುವುದೇ ಇಲ್ಲದಿರುವುದಕ್ಕೆ ಪ್ರಮಾಣ. ಆದರೆ ಅವರು ಅದಕ್ಕೊಂದು ಕಟ್ಟನ್ನು ಹಾಕಿದರು: ಆ ಅನುಪಲಬ್ಧಿ ಯೋಗ್ಯವಾಗಿರಬೇಕು. ಎಂದರೆ, ಗಡಿಗೆ ಇದ್ದಿದ್ದರೆ ಕಾಣಲೇಬೇಕಾಗಿದ್ದ ಸ್ಥಿತಿಯಲ್ಲಿ ಕಾಣದಿದ್ದರೆ ಮಾತ್ರ ಅದು ಪ್ರಮಾಣ. ಕತ್ತಲೆಯ ಕೋಣೆಯಲ್ಲಿ ಗಡಿಗೆ ಕಾಣಲಿಲ್ಲವೆಂದು ಗಡಿಗೆಯೇ ಇಲ್ಲವೆನ್ನಲಾಗದು. ಕಿವಿ ಕುಂದಿದವನ ಕಷ್ಟ ಇದೇ. ತಾನು ಕತ್ತಲೆಯ ಕೋಣೆಯಲ್ಲಿರುವೆನೆಂದು ಅವನಿಗೆ ತಿಳಿಯದು. ಕಣ್ಣಿಗೆ ಕತ್ತಲೆ ಕತ್ತಲೆಯಾಗಿಯೇ ತೋರುತ್ತದೆ. ಕಿವಿಗೆ ಬಾರದ ಸದ್ದು ಬಾರದುದಾಗಿ ತೋರುವುದಿಲ್ಲ, ಇಲ್ಲದುದಾಗಿಯೇ ತೋರುತ್ತದೆ. "ಯಾರೂ ನನ್ನನ್ನು ಕರೆಯಲಿಲ್ಲ" ಎಂದು ಅವನು ಹೇಳುವಾಗ ಆಡುತ್ತಿರುವುದು ಸುಳ್ಳಲ್ಲ, ಅಯೋಗ್ಯವಾದ ಅನುಪಲಬ್ಧಿ.

ಮುಪ್ಪಿನಿಂದ ಬರುವ ಕುಂದಿನಲ್ಲಿ ಈ ಭ್ರಮೆಗೆ ಇನ್ನೂ ಎರಡು ಕಾರಣಗಳುಂಟು. ಮೊದಲನೆಯದು, ಅದು ಹಠಾತ್ತಾಗಿ ಬರುವುದಿಲ್ಲ. ಒಳಗಿವಿಯಲ್ಲಿ ಸುಮಾರು ಹದಿನೈದು ಸಾವಿರ ರೋಮಕೋಶಗಳಿವೆ. ಮನುಷ್ಯನಲ್ಲಿ ಅವು ಒಮ್ಮೆ ಅಳಿದರೆ ಮತ್ತೆ ಹುಟ್ಟುವುದಿಲ್ಲ. ಅವು ವರ್ಷವರ್ಷಕ್ಕೂ ಸ್ವಲ್ಪಸ್ವಲ್ಪವಾಗಿ ಅಳಿಯುತ್ತವೆ. ಇಂದು ಕೇಳಿದ್ದನ್ನು ನಿನ್ನೆ ಕೇಳಿದ್ದರೊಡನೆ ಹೋಲಿಸಿದರೆ ವ್ಯತ್ಯಾಸ ತೋರದು. ಇಪ್ಪತ್ತು ವರ್ಷದ ಹಿಂದೆ ಕೇಳಿದ್ದರೊಡನೆ ಹೋಲಿಸೋಣವೆಂದರೆ ಅದರ ನೆನಪು ಯಾರಿಗೂ ಉಳಿದಿರದು. ಎರಡನೆಯದು, ಕುಂದು ಮೊದಲು ತಟ್ಟುವುದು ಎತ್ತರದ ಸ್ವರಗಳಿಗೆ. ನಮ್ಮ ಮಾತಿನಲ್ಲಿ ಅ ಆ ಇ ಈ ಮೊದಲಾದ ಸ್ವರಾಕ್ಷರಗಳ ಬಲವೆಲ್ಲ ಬಹುಪಾಲು ತಗ್ಗಿನಲ್ಲಿದೆ. ಸ ಶ ತ ಕ ಪ ಮೊದಲಾದ ವ್ಯಂಜನಗಳ ಗುರುತು ಎತ್ತರದಲ್ಲಿ, ಅದೂ ಬಹು ಕ್ಷೀಣವಾಗಿ ಇರುತ್ತದೆ. ಆದಕಾರಣ ಕಾಲು, ಸಾಲು, ಪಾಲು, ಹಾಲು ಎಂಬ ನಾಲ್ಕು ಮಾತುಗಳು ಅಂಥ ಕಿವಿಗೆ ಸರಿಸುಮಾರು ಒಂದೇ. ಧ್ವನಿ ಬಂದಿದೆ, ಅದರ ಅಂಚುಗಳು ಬಂದಿಲ್ಲ. ಅಂಚುಗಳನ್ನು ಮನಸ್ಸು ಸಂದರ್ಭದಿಂದ ಊಹಿಸಿ ತುಂಬಿಕೊಳ್ಳುತ್ತದೆ. ತುಂಬಿಕೊಂಡುದನ್ನು ಕೇಳಿದ್ದೆಂದೇ ತಿಳಿಯುತ್ತದೆ. "ನನಗೆ ಕಿವಿ ಚೆನ್ನಾಗಿದೆ, ಈಗಿನ ಹುಡುಗರು ಬಾಯಿಬಿಟ್ಟು ಮಾತನಾಡುವುದಿಲ್ಲ" ಎಂದು ಮಾವನವರು ಹೇಳುತ್ತಿದ್ದ ಮಾತು ಅವರ ಅನುಭವದ ಯಥಾವತ್ತಾದ ವರ್ಣನೆ. ಅವರಿಗೆ ಸದ್ದು ಕಡಮೆಯಾಗಿರಲಿಲ್ಲ, ಮಾತು ಮಸಕಾಗಿತ್ತು. ಮಸಕು ಕಿವಿಯದೋ ಬಾಯಿಯದೋ ಎಂಬುದನ್ನು ಒಳಗಿನಿಂದ ನಿರ್ಣಯಿಸಲು ಅವರಲ್ಲಿ ಸಾಧನವಿರಲಿಲ್ಲ. ಅದನ್ನು ನಿರ್ಣಯಿಸುವುದಕ್ಕೆ ಆ ಕಾಗದ ಬೇಕು. ಅಳತೆಯ ನಿಜವಾದ ಉಪಕಾರ ಇದು: ಮನುಷ್ಯನ ಕೋಣೆಯಲ್ಲಿ ಬೆಳಕಿದೆಯೇ ಇಲ್ಲವೇ ಎಂಬುದನ್ನು ಅದು ಹೊರಗಿನಿಂದ ನೋಡಿ ಹೇಳುತ್ತದೆ.

೪

ಈಗ ಇದಕ್ಕೆ ತದ್ವಿರುದ್ಧವಾದ ಸನ್ನಿವೇಶವನ್ನು ತೆಗೆದುಕೊಳ್ಳೋಣ. ಕಾಗದದಲ್ಲಿ ಎಲ್ಲವೂ ಸರಿಯಾಗಿದೆ. ಆದರೆ ಬಂದಾಕೆ, "ಮದುವೆಮನೆಯಲ್ಲಿ, ನಾಲ್ಕು ಜನ ಒಟ್ಟಿಗೆ ಮಾತನಾಡುವಲ್ಲಿ ನನಗೆ ಒಂದು ಮಾತೂ ಹತ್ತುವುದಿಲ್ಲ" ಎನ್ನುತ್ತಾಳೆ. "ನಿಮ್ಮ ಕಿವಿಗೆ ಏನೂ ಆಗಿಲ್ಲವಮ್ಮ, ಎಲ್ಲ ಮನಸ್ಸಿನ ಭ್ರಮೆ" ಎಂದು ಹೇಳಿ ಕಳುಹಿಸಿದರೆ ಅದು ಸರಿಯೇ?

ಒಂದು ಕಾಲದಲ್ಲಿ ಹಾಗೆ ಹೇಳಿದವರು ಅನೇಕರು. ೧೯೯೬ರಲ್ಲಿ ಸ್ಟಾರ್ ಮತ್ತು ಅವರ ಸಂಗಡಿಗರು ಶ್ರವಣನರದ ಒಂದು ವ್ಯಾಧಿಗೆ ಹೆಸರಿಟ್ಟು ವಿವರಿಸಿದರು. ಅದರಲ್ಲಿ ಒಳಗಿವಿಯ ಹೊರಸಾಲಿನ ರೋಮಕೋಶಗಳು ಕೆಲಸಮಾಡುತ್ತಿರುತ್ತವೆ, ಆದರೆ ನರ ಸುದ್ದಿಯನ್ನು ಕ್ರಮವಾಗಿ ಸಾಗಿಸುವುದಿಲ್ಲ. ಸ್ವರಗಳು ಸಾಕಷ್ಟು ಕೇಳಿಸಿದರೂ ಮಾತು ತಿಳಿಯುವುದಿಲ್ಲ. ೨೦೦೯ರಲ್ಲಿ ಅಮೆರಿಕದ ಕುಜಾವಾ ಮತ್ತು ಲಿಬರ್‌ಮನ್ ಎಂಬ ವಿಜ್ಞಾನಿಗಳು ಇಲಿಗಳ ಮೇಲೆ ನಡೆಸಿದ ಪ್ರಯೋಗವನ್ನು ಪ್ರಕಟಿಸಿದರು. ಜೋರಾದ ಸದ್ದಿಗೆ ಒಳಗಾದ ಇಲಿಗಳ ಶ್ರವಣಮಟ್ಟ ಕೆಲವು ದಿನಗಳಲ್ಲಿ ಮೊದಲಿನಂತೆಯೇ ಆಯಿತು. ಅಳತೆಗೆ ಏನೂ ಸಿಕ್ಕಲಿಲ್ಲ. ಆದರೆ ರೋಮಕೋಶಕ್ಕೂ ನರಕ್ಕೂ ನಡುವಣ ಸಂಧಿಗಳಲ್ಲಿ ಬಹಳಷ್ಟು ಶಾಶ್ವತವಾಗಿ ಹಾಳಾಗಿದ್ದವು. ಮನುಷ್ಯರಲ್ಲಿ ಇಂಥ ಗುಪ್ತವಾದ ಕುಂದು ಎಷ್ಟರಮಟ್ಟಿಗೆ ಇದೆಯೆಂಬ ವಿಚಾರ ಇನ್ನೂ ಚರ್ಚೆಯಲ್ಲಿದೆ. ಅಷ್ಟಾದರೂ ನಮಗೆ ಒಂದು ಪಾಠ ಸಿಕ್ಕಿತು: ಸಹಜವೆಂದು ಬರೆದ ಕಾಗದ ‘ನಾನು ನೋಡಿದಲ್ಲಿ ಕುಂದಿಲ್ಲ’ ಎನ್ನುತ್ತದೆ, ‘ಕುಂದಿಲ್ಲ’ ಎನ್ನುವುದಿಲ್ಲ. ಮಾವನವರಂತೆ ಯಂತ್ರವೂ ಅಯೋಗ್ಯವಾದ ಅನುಪಲಬ್ಧಿಗೆ ಈಡಾಗಬಲ್ಲುದು. ಅದರ ಕೋಣೆಯಲ್ಲಿಯೂ ಕತ್ತಲೆಯ ಮೂಲೆಗಳುಂಟು.

ಇಷ್ಟಕ್ಕೂ ಕೇಳುವುದೆಲ್ಲ ಕಿವಿಯಲ್ಲಿಯೇ ಮುಗಿಯುವುದೂ ಇಲ್ಲ. ಮನಸ್ಸು ಬೇರೆ ಕಡೆ ಇದ್ದಾಗ ಹೇಳಿದ್ದು ಕೇಳಿಸಲಿಲ್ಲವೆಂಬ ಲೋಕಾನುಭವವನ್ನು ಹಿಡಿದು, ಕೇಳುವುದು ಮನಸ್ಸಿನಿಂದಲೇ ಎಂಬ ವಿಚಾರವನ್ನು ಬೃಹದಾರಣ್ಯಕೋಪನಿಷತ್ತಿನಲ್ಲಿ ಹೇಳಿದೆ. ಹಲವು ಧ್ವನಿಗಳ ನಡುವೆ ಒಂದನ್ನು ಆರಿಸಿಕೊಂಡು ಕೇಳುವ ಮನಸ್ಸಿನ ಸಾಮರ್ಥ್ಯವನ್ನು ೧೯೫೩ರಲ್ಲಿ ಕಾಲಿನ್ ಚೆರಿ ಎಂಬವರು ಪ್ರಯೋಗಗಳಿಂದ ಪರಿಶೀಲಿಸಿದರು. ಸದ್ದಿಲ್ಲದ ಕೋಣೆಯ ಶುದ್ಧಸ್ವರ ಈ ಸಾಮರ್ಥ್ಯವನ್ನು ಮುಟ್ಟುವುದೇ ಇಲ್ಲ.

ಅಳತೆಯೂ ಅನುಭವವೂ ಒಂದನ್ನೊಂದು ಒಪ್ಪಿದಾಗ ಕೂಡ ಮತ್ತೊಂದು ಪ್ರಶ್ನೆ ಉಳಿಯುತ್ತದೆ. ಕುಂದು ಎಷ್ಟು ಎಂಬುದು ಒಂದು. ಅದರ ಭಾರ ಎಷ್ಟು ಎಂಬುದು ಇನ್ನೊಂದು. ಬೇಥೋವನ್ ೧೮೦೧ರಲ್ಲಿ ತನ್ನ ವೈದ್ಯಮಿತ್ರನಿಗೆ ಬರೆದ ಕಾಗದದಲ್ಲಿ, ತಾನು ಕಿವುಡನೆಂದು ಜನರಿಗೆ ಹೇಳಲಾರದೆ ಕೂಟಗಳನ್ನೆಲ್ಲ ತಪ್ಪಿಸಿಕೊಳ್ಳುತ್ತಿರುವುದಾಗಿ ತೋಡಿಕೊಂಡನು. ಎಡಿಸನ್ ಬಾಲ್ಯದಿಂದಲೂ ಮಂದಶ್ರವಣದವನು; ಹೊರಗಿನ ಗದ್ದಲ ತನ್ನನ್ನು ಮುಟ್ಟದಿರುವುದು ಕೆಲಸಕ್ಕೆ ಅನುಕೂಲವೆಂದೇ ಅವನು ಎಣಿಸುತ್ತಿದ್ದನು. ಸಂಗೀತವನ್ನು ಉಸಿರಾಗಿಸಿಕೊಂಡವನಿಗೆ ಶಾಪವಾದುದು ಕಾರ್ಯಾಗಾರವನ್ನು ಮನೆಯಾಗಿಸಿಕೊಂಡವನಿಗೆ ಬೇಲಿಯಾಯಿತು. ಈ ಭಾರವನ್ನು ತಿಳಿಯುವುದಕ್ಕಾಗಿಯೇ ೧೯೮೨ರಲ್ಲಿ ವೆಂಟ್ರಿ ಮತ್ತು ವೈನ್‌ಸ್ಟೈನ್ ಎಂಬವರು ವೃದ್ಧರಿಗಾಗಿ ೨೫ ಪ್ರಶ್ನೆಗಳ ಒಂದು ಪಟ್ಟಿಯನ್ನು ಸಿದ್ಧಪಡಿಸಿದರು. ಕಿವಿಯ ದೆಸೆಯಿಂದ ನಾಚಿಕೆಯಾಗುತ್ತದೆಯೇ, ನೆಂಟರಿಷ್ಟರ ಮನೆಗೆ ಹೋಗುವುದು ಕಡಮೆಯಾಗಿದೆಯೇ, ಮನೆಯವರೊಡನೆ ಜಗಳವಾಗುತ್ತದೆಯೇ, ಇಂಥ ಪ್ರಶ್ನೆಗಳು ಅವು. ಅದರಿಂದ ಬರುವ ಅಂಕಕ್ಕೂ ಆಡಿಯೋಗ್ರಾಮಿನ ಅಂಕಕ್ಕೂ ಸಂಬಂಧವಿದೆಯಾದರೂ ಅದು ಬಿಗಿಯಾದ ಸಂಬಂಧವಲ್ಲವೆಂದು ಮತ್ತೆಮತ್ತೆ ಕಂಡುಬಂದಿದೆ. ಒಂದೇ ಕಾಗದವುಳ್ಳ ಇಬ್ಬರಲ್ಲಿ ಒಬ್ಬನು ನೆಮ್ಮದಿಯಾಗಿಯೂ ಇನ್ನೊಬ್ಬನು ಏಕಾಂತವಾಸದಲ್ಲಿಯೂ ಇರಬಹುದು.

೫

ಇನ್ನು ಹಿತೋಕ್ತಿಯ ವಿಚಾರ. ಶ್ರವಣತಜ್ಞನು ಮಾಡಬಹುದಾದ ತಪ್ಪುಗಳು ಎರಡು ಬಗೆ. ಕಾಗದವನ್ನು ದೊಣ್ಣೆಯಂತೆ ಹಿಡಿದು ಮನುಷ್ಯನ ಬಾಯಿಯನ್ನು ಮುಚ್ಚಿಸುವುದು ಒಂದು. ಅವನ ಮನಸ್ಸಿಗೆ ನೋವಾಗದಿರಲೆಂದು ಕಾಗದವನ್ನೇ ಮುಚ್ಚಿಡುವುದು ಇನ್ನೊಂದು. ಮೊದಲನೆಯದು ಕ್ರೌರ್ಯವೆಂದು ಸುಲಭವಾಗಿ ಕಾಣುತ್ತದೆ. ಎರಡನೆಯದು ದಯೆಯ ವೇಷದಲ್ಲಿ ಬರುವುದರಿಂದ ಅದರ ಕೇಡು ಕಾಣುವುದಿಲ್ಲ. ೧೮೩೪ರಲ್ಲಿ ಇಂಗ್ಲೆಂಡಿನ ಲೇಖಕಿ ಹ್ಯಾರಿಯೆಟ್ ಮಾರ್ಟಿನೋ ತನ್ನಂತೆಯೇ ಕಿವಿ ಕುಂದಿದವರನ್ನು ಕುರಿತು ಒಂದು ಬಹಿರಂಗ ಪತ್ರವನ್ನು ಬರೆದಳು. ಹುಸಿ ನಾಚಿಕೆಯನ್ನು ಬಿಟ್ಟು ತಮ್ಮ ಸ್ಥಿತಿಯನ್ನು ಎದುರಿಸಿ, ಕಿವಿಯ ಕಹಳೆಯನ್ನು ಧೈರ್ಯವಾಗಿ ಬಳಸಬೇಕೆಂದು ಅವಳು ಬೋಧಿಸಿದಳು. ಆ ಮಾತು ಕಠಿನವಾದರೂ ಅದನ್ನು ಹೇಳಿದವಳು ಅದೇ ದಾರಿಯಲ್ಲಿ ನಡೆದವಳು. ಸತ್ಯವನ್ನು ಹೇಳಬೇಕು, ಆದರೆ ಕೇಳುವವನ ಪಕ್ಕದಲ್ಲಿ ನಿಂತು ಹೇಳಬೇಕು, ಮೇಲಿನಿಂದಲ್ಲ.

ಯಂತ್ರವನ್ನು ಕೊಟ್ಟ ಮೇಲೂ ಈ ಪ್ರಶ್ನೆ ಬೆನ್ನುಬಿಡುವುದಿಲ್ಲ. ಶ್ರವಣಯಂತ್ರವನ್ನು ಹೊಂದಿಸಿ, ಕಿವಿಯೊಳಗೆ ಸಣ್ಣ ಕೊಳವೆಯನ್ನಿಟ್ಟು ಎಷ್ಟು ಸದ್ದು ಒಳಗೆ ಸೇರುತ್ತಿದೆಯೆಂದು ಅಳೆದು ನೋಡುತ್ತಾರೆ, ಅಳತೆ ಸರಿಯಾಗಿರುತ್ತದೆ. ಮನೆಗೆ ಹೋದ ವೃದ್ಧರು ವಾರದೊಳಗೆ ಅದನ್ನು ತೆಗೆದು ಪೆಟ್ಟಿಗೆಯಲ್ಲಿಡುತ್ತಾರೆ. "ಪಾತ್ರೆಯ ಸದ್ದು ತಲೆ ಸಿಡಿಸುತ್ತದೆ, ನನ್ನ ದನಿಯೇ ನನಗೆ ಬೇರೆಯವರದಾಗಿದೆ" ಎನ್ನುತ್ತಾರೆ. ಅದೂ ಸುಳ್ಳಲ್ಲ. ರೋಮಕೋಶಗಳು ಅಳಿದ ಕಿವಿಯಲ್ಲಿ ಸಣ್ಣ ಸದ್ದು ಕೇಳಿಸದು, ದೊಡ್ಡ ಸದ್ದು ಬೇಗನೆ ಅಸಹ್ಯವಾಗುವುದು; ಕೇಳುವುದಕ್ಕೂ ಸಹಿಸುವುದಕ್ಕೂ ನಡುವಣ ಎಡೆ ಕಿರಿದಾಗಿರುತ್ತದೆ. "ಗಟ್ಟಿಯಾಗಿ ಹೇಳು" ಎಂದವರೇ ಮರುಗಳಿಗೆ "ಯಾಕೆ ಕೂಗುತ್ತೀಯೆ?" ಎಂದು ಗದರುವುದು ಇದರಿಂದಲೇ. ಬಹುಕಾಲ ಕೇಳದ ಸದ್ದುಗಳಿಗೆ ಮನಸ್ಸು ಮತ್ತೆ ಒಗ್ಗಿಕೊಳ್ಳುವುದಕ್ಕೆ ವಾರಗಳು, ಕೆಲವರಿಗೆ ತಿಂಗಳುಗಳು ಬೇಕು. ಇದನ್ನು ಮುಂದಾಗಿ ಹೇಳದೆ ಯಂತ್ರವನ್ನು ಮಾತ್ರ ಕೊಡುವುದು, ಈಜು ಬಾರದವನಿಗೆ ಹೊಳೆಯ ಆಳವನ್ನು ತಿಳಿಸಿ ಕಳುಹಿಸಿದಂತೆ.

ಇಲ್ಲಿ ಒಂದು ಧರ್ಮಸೂಕ್ಷ್ಮವಿದೆ. ಒಂದೇ ಬಗೆಯ ಯಂತ್ರವನ್ನು ಇದು ಹೊಸದೆಂದು ಹೇಳಿ ಕೊಟ್ಟರೆ, ಜನರು ಅದರಲ್ಲಿ ತಮಗೆ ಹೆಚ್ಚು ಚೆನ್ನಾಗಿ ಕೇಳಿಸುತ್ತದೆನ್ನುವುದು ಪ್ರಯೋಗಗಳಲ್ಲಿ ಕಂಡುಬಂದಿದೆ. ಹಾಗಾದರೆ ರೋಗಿಯ ಸಂತೋಷಕ್ಕಾಗಿ ಒಂದು ಹುಸಿಯನ್ನು ಹೇಳಬಹುದೇ? ಹೇಳಬಾರದೆಂದೇ ನನ್ನ ಅಭಿಪ್ರಾಯ. ಅನುಭವವನ್ನು ಗೌರವಿಸಬೇಕಾದುದು ಅದು ಅವನದೆಂಬ ಕಾರಣದಿಂದ. ಹುಸಿಯಿಂದ ಹುಟ್ಟಿಸಿದ ಅನುಭವ ಅವನದಲ್ಲ, ಹುಟ್ಟಿಸಿದವನದು.

ಅಳತೆಗೆ ಅದರದೇ ಆದ ಕ್ಷೇತ್ರವುಂಟೆಂಬುದನ್ನೂ ಮರೆಯಬಾರದು. ನಮ್ಮ ದೇಶದ ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ, ಮಾತಿನ ಸ್ವರಮಟ್ಟಗಳಲ್ಲಿ ಎರಡು ಕಿವಿಗಳಿಗೂ ೭೦ ಡೆಸಿಬೆಲ್ ನಷ್ಟವಿದ್ದರೆ ಕಿವುಡು, ೬೦ರಿಂದ ೭೦ರವರೆಗೆ ಮಂದಶ್ರವಣ ಎಂದು ನಿರೂಪಿಸಿದೆ. ೫೮ ಇರುವವನಿಗೆ ಇದು ಅನ್ಯಾಯವೆಂದು ತೋರಬಹುದು. ಆದರೆ ಸಮಾಜ ತನ್ನ ಹಣವನ್ನೂ ಸೌಕರ್ಯವನ್ನೂ ಹಂಚುವಾಗ ಕಾಣದ ಮುಖಗಳ ನಡುವೆ ಪಕ್ಷಪಾತವಿಲ್ಲದೆ ಹಂಚಬೇಕು. ಅಲ್ಲಿ ಎಲ್ಲರಿಗೂ ಒಂದೇ ಗೆರೆ ಬೇಕಾಗುತ್ತದೆ. ಗೆರೆ ರಾಜ್ಯಕ್ಕೆ ಧರ್ಮ. ಆ ಗೆರೆಯನ್ನೇ ಎದುರಿಗೆ ಕುಳಿತ ಒಬ್ಬ ಮನುಷ್ಯನ ಮೇಲೆ ಎಳೆದು ‘ನಿನ್ನ ಕಷ್ಟ ಇಷ್ಟೇ’ ಎನ್ನುವುದು ಸಲಹೆಗಾರನಿಗೆ ಅಧರ್ಮ.

ಹಾಗಾದರೆ ಅವನ ಧರ್ಮವೇನು? ಎರಡು ಉತ್ತರಗಳ ನಡುವಣ ಅಂತರವನ್ನೇ ಮುಖ್ಯ ಸಂಗತಿಯೆಂದು ತಿಳಿದು ಅಲ್ಲಿಂದ ಮಾತನ್ನು ಆರಂಭಿಸುವುದು. ೧೯೯೭ರಲ್ಲಿ ಆಸ್ಟ್ರೇಲಿಯದ ಡಿಲ್ಲನ್ ಮತ್ತು ಸಂಗಡಿಗರು ಒಂದು ಸರಳವಾದ ಕ್ರಮವನ್ನು ಸೂಚಿಸಿದರು. ಎಲ್ಲೆಲ್ಲಿ ತನಗೆ ಚೆನ್ನಾಗಿ ಕೇಳಿಸಬೇಕೆಂದು ಬಂದವನೇ ಹೆಚ್ಚೆಂದರೆ ಐದು ಸಂದರ್ಭಗಳನ್ನು ಹೇಳಬೇಕು. ಯಂತ್ರವನ್ನು ಬಳಸಿದ ಮೇಲೆ ಅವುಗಳಲ್ಲಿಯೇ ಎಷ್ಟು ಮೇಲಾಯಿತೆಂದು ಅವನೇ ಹೇಳಬೇಕು. ಪ್ರಶ್ನೆಯೂ ಅವನದು, ಉತ್ತರವೂ ಅವನದು. ತಜ್ಞನ ಅಳತೆ ಅವೆರಡನ್ನೂ ಕೂಡಿಸುವ ಸೇತುವೆ.

೬

ಮಾವನವರ ಕಥೆಯನ್ನು ಮುಗಿಸಿ ಲೇಖನವನ್ನು ಮುಗಿಸುತ್ತೇನೆ. ಮಕ್ಕಳು ಕೈಬಿಟ್ಟ ಮೇಲೆ ನಾನು ಅವರನ್ನು ಇನ್ನೊ೦ದು ಕಡೆಗೆ ಕರೆದೊಯ್ದೆ. ಅಲ್ಲಿದ್ದ ತರುಣಿ ಪರೀಕ್ಷೆಯನ್ನು ಮಾಡಿ, ಕಾಗದವನ್ನು ಪಕ್ಕಕ್ಕಿಟ್ಟು, "ತಮಗೆ ಯಾರ ಮಾತು ಚೆನ್ನಾಗಿ ಕೇಳಿಸಬೇಕು?" ಎಂದು ಕೇಳಿದಳು. ಮಾವನವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ರಾತ್ರಿ ಊಟದ ಹೊತ್ತಿಗೆ ಮೊಮ್ಮಗಳು ಏನೇನೋ ಹೇಳುತ್ತಾಳೆ; ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ" ಎಂದರು. ಅದುವರೆಗೆ ನಮಗೆ ಯಾರಿಗೂ ಅವರು ಹೇಳದೆ ಇದ್ದ ಮಾತು ಅದು. ನಮ್ಮಲ್ಲಿ ಯಾರೂ ಕೇಳದೆ ಇದ್ದುದರಿಂದ ಹೇಳಿರಲಿಲ್ಲ.

ಆಮೇಲೆ ಆಕೆ ನನ್ನನ್ನು ಅವರ ಹಿಂದೆ ಕೂರಿಸಿ ಇಪ್ಪತ್ತು ಮಾತುಗಳನ್ನು ಸಾಮಾನ್ಯವಾದ ದನಿಯಲ್ಲಿ ಓದಿಸಿದಳು. ಅವರು ಕೇಳಿದಂತೆ ಒಂದೊಂದನ್ನೂ ಹೇಳಿದರು. ಓದಿದ್ದನ್ನೂ ಕೇಳಿದ್ದನ್ನೂ ಎದುರುಬದುರಾಗಿ ಬರೆದು ಹಾಳೆಯನ್ನು ಅವರ ಕೈಗೆ ಕೊಟ್ಟಳು, ತಾನು ಏನನ್ನೂ ಹೇಳಲಿಲ್ಲ. ಜೀವಮಾನವೆಲ್ಲ ಉತ್ತರಪತ್ರಿಕೆಗಳನ್ನು ತಿದ್ದಿದ ಕೈ ತಾನಾಗಿಯೇ ಪೆನ್ನನ್ನು ಹುಡುಕಿತು. ಮಾವನವರು ತಪ್ಪುಗಳಿಗೆ ಗುರುತು ಹಾಕುತ್ತ ಹೋಗಿ, ಕೊನೆಯಲ್ಲಿ ಎಣಿಸಿ, "ಇಪ್ಪತ್ತಕ್ಕೆ ಹನ್ನೊಂದು. ತೇರ್ಗಡೆಯೇನೋ ಹೌದು, ಆದರೆ ಈ ಹುಡುಗನಿಗೆ ಮನೆಪಾಠ ಬೇಕು" ಎಂದರು. ಯಾವ ಅಂಕ ದೊಣ್ಣೆಯಾಗಿ ಬಂದಾಗ ಅವರು ಎದ್ದುಹೋಗಿದ್ದರೋ ಅದೇ ಜಾತಿಯ ಅಂಕವನ್ನು ಈಗ ತಾವೇ ಹಾಕಿಕೊಂಡರು. ಅಳತೆ ಅನುಭವವಾದುದು ಆ ಗಳಿಗೆಯಲ್ಲಿ.

ಆಕೆ ಅಷ್ಟಕ್ಕೇ ನಿಲ್ಲಲಿಲ್ಲ. ಮುಂದಿನ ಸಲ ಮಕ್ಕಳನ್ನೂ ಕರೆಸಿ, ಎದುರಿಗೆ ಬೆಳಕಿನಲ್ಲಿ ಕುಳಿತು ಮಾತನಾಡಬೇಕು, ಮೊದಲು ಕರೆದು ಅವರು ನೋಡಿದ ಮೇಲೆ ವಿಷಯವನ್ನು ಹೇಳಬೇಕು, ಕೂಗದೆ ನಿಧಾನವಾಗಿ ಹೇಳಬೇಕು, ಮುಖ್ಯವಾದುದನ್ನು ಅವರ ಬಾಯಿಂದಲೇ ಮತ್ತೆ ಹೇಳಿಸಿಕೊಳ್ಳಬೇಕು ಎಂದು ತಿಳಿಸಿದಳು. ಕಿವಿಯ ಕುಂದು ಒಬ್ಬನದಾದರೂ ಕೇಳಿಸುವ ಹೊಣೆ ಇಬ್ಬರದೆಂದು ಮಕ್ಕಳಿಗೆ ಆಗ ಮನವರಿಕೆಯಾಯಿತು.

ಮಾವನವರು ಯಂತ್ರವನ್ನು ದಿನವಿಡೀ ಹಾಕಿಕೊಳ್ಳುವುದಿಲ್ಲ. ಓದುವಾಗ ತೆಗೆದಿಡುತ್ತಾರೆ, ಊಟದ ಹೊತ್ತಿಗೆ ತಪ್ಪದೆ ಹಾಕಿಕೊಳ್ಳುತ್ತಾರೆ. ತೋಟದ ವಿಚಾರವನ್ನು ಹಿರಿಯ ಮಗ ಇನ್ನೊಮ್ಮೆ ಎತ್ತಿದನು. ಈ ಸಲ ತಂದೆಯ ಎದುರಿಗೆ ಕುಳಿತು, ಅವರ ಮುಖವನ್ನು ನೋಡುತ್ತ, "ಅಪ್ಪ, ತೋಟವನ್ನು ಮಾರಬೇಕೆಂದಿದ್ದೇವೆ. ನೀವು ಬೇಡವೆಂದರೆ ಮುಂಗಡವನ್ನು ಹಿಂದಿರುಗಿಸುತ್ತೇವೆ" ಎಂದನು. ಮಾವನವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, "ಮಾರಿ. ಮಗು ಓದಲಿ" ಎಂದರು.

ಉತ್ತರ ಮೊದಲಿನದೇ. ತೋಟ ಹೋಗಬೇಕಾಗಿದ್ದುದು ಹೋಯಿತು. ಆದರೆ ಮೊದಲನೆಯ ‘ಆಗಲಿ’ ಎಂಬುದರಲ್ಲಿ ಅವರು ಇರಲಿಲ್ಲ, ಎರಡನೆಯದರಲ್ಲಿ ಇದ್ದರು. ಆ ವ್ಯತ್ಯಾಸವನ್ನು ಯಾವ ಡೆಸಿಬೆಲ್ಲಿನಿಂದಲೂ ಅಳೆಯಲಾಗದು. ಅಳತೆಯ ನೆರವಿಲ್ಲದೆ ಅದು ಒದಗುತ್ತಲೂ ಇರಲಿಲ್ಲ.